ಓಟದ ಶೂಗಳಲ್ಲಿ 3ಡಿ ಮುದ್ರಣ: ಪಾದಕ್ಕೆ ತಕ್ಕ ತಳ ಯಾರಿಗೆ?

ವಸ್ತುವೊಂದನ್ನು ಕೆತ್ತಿ ಅಥವಾ ಅಚ್ಚಿನಲ್ಲಿ ಎರಕ ಹೊಯ್ದು ರೂಪಿಸುವ ಬದಲು, ಪದರದ ಮೇಲೆ ಪದರ ಕೂಡಿಸುತ್ತ ಕಟ್ಟುವ ವಿಧಾನಕ್ಕೆ ಸಂಕಲನ ತಯಾರಿಕೆ ಎಂದು ಹೆಸರು. ಜನಬಳಕೆಯಲ್ಲಿ ಇದೇ 3ಡಿ ಮುದ್ರಣ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಬಡಾವಣೆಯಲ್ಲಿ ಉದ್ಘಾಟನೆಗೊಂಡ ಅಂಚೆ ಕಚೇರಿ ಕಟ್ಟಡದ ಮೂಲಕ ಈ ಹೆಸರು ರಾಜ್ಯದ ಜನರಿಗೆ ಹೆಚ್ಚು ಪರಿಚಿತವಾಯಿತು. ಆದರೆ ಅದಕ್ಕೂ ಒಂದು ದಶಕ ಮೊದಲೇ ಇದೇ ತಂತ್ರ ಕ್ರೀಡಾಪಟುಗಳ ಕಾಲಡಿಗೆ ಬಂದಿತ್ತು.

ಪ್ರತಿಯೊಬ್ಬ ಓಟಗಾರನ ಪಾದದ ಅಳತೆ, ತೂಕ ಮತ್ತು ಹೆಜ್ಜೆಯ ರೀತಿಗೆ ತಕ್ಕಂತೆ ಪ್ರತ್ಯೇಕ ಶೂ ಎಂಬುದು ಈ ತಂತ್ರದ ಮೂಲ ಭರವಸೆ. ಆ ಭರವಸೆ ಎಷ್ಟರ ಮಟ್ಟಿಗೆ ಈಡೇರಿದೆ ಎಂಬ ಪ್ರಶ್ನೆ ವಿದೇಶಿ ಕಂಪನಿಗಳಿಗೆ ಮಾತ್ರ ಸೇರಿದ್ದಲ್ಲ. ಒಲಿಂಪಿಕ್ ಮಟ್ಟದ ತರಬೇತಿ ಕೇಂದ್ರವೊಂದು ಬಳ್ಳಾರಿ ಜಿಲ್ಲೆಯಲ್ಲೇ ಇದೆ. ಅದೇ ಜಿಲ್ಲೆಯ ರೂಪನಗುಡಿ, ಕುರುಗೋಡು, ಸಿರುಗುಪ್ಪದಂಥ ಊರುಗಳಲ್ಲಿ ಮಕ್ಕಳು ಮಣ್ಣಿನ ಮೈದಾನಗಳಲ್ಲಿ ಓಡುತ್ತಾರೆ. ಇತ್ತ ಬೆಂಗಳೂರಿನ ವಿಜ್ಞಾನಿಗಳು ಇದೇ ತಂತ್ರದಿಂದ ಪಾದರಕ್ಷೆಯೊಂದನ್ನು ರೂಪಿಸಿದ್ದಾರೆ. ಈ ಹಿನ್ನೆಲೆಯಲ್ಲಿ ಮುದ್ರಿತ ಶೂಗಳ ತಂತ್ರ, ಇತಿಹಾಸ, ಮಿತಿ ಹಾಗೂ ನಮ್ಮ ನೆಲದಲ್ಲಿ ಅದರ ಉಪಯೋಗದ ಪರಿಚಯ ಇಲ್ಲಿದೆ.

ಅಚ್ಚಿನಿಂದ ಪದರಕ್ಕೆ

ಸಾಮಾನ್ಯ ಓಟದ ಶೂವಿನಲ್ಲಿ ನಾಲ್ಕು ಮುಖ್ಯ ಭಾಗಗಳಿರುತ್ತವೆ. ಪಾದವನ್ನು ಸುತ್ತುವರಿಯುವ ಬಟ್ಟೆಯ ಮೇಲ್ಹೊದಿಕೆ, ಪಾದಕ್ಕೆ ನೇರವಾಗಿ ತಾಗುವ ತೆಳು ಒಳತಳ, ಮಿಡ್‌ಸೋಲ್ ಎಂದು ಕರೆಯಲಾಗುವ ದಪ್ಪ ನಡುತಳ ಹಾಗೂ ನೆಲಕ್ಕೆ ತಾಗುವ ರಬ್ಬರಿನ ಹೊರತಳ. ಇವುಗಳಲ್ಲಿ ನಡುತಳವೇ ಶೂವಿನ ಎಂಜಿನ್ ಇದ್ದಂತೆ. ಓಡುವಾಗ ನೆಲಕ್ಕೆ ಬೀಳುವ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಪಾದದ ಮೇಲೆ ಬೀಳುತ್ತದೆ. ಆ ಆಘಾತವನ್ನು ಹೀರಿಕೊಂಡು ಶಕ್ತಿಯ ಒಂದಂಶವನ್ನು ಮರಳಿ ಕೊಡುವುದು ನಡುತಳದ ಕೆಲಸ.

ಕಳೆದ ಶತಮಾನದ ಎಪ್ಪತ್ತರ ದಶಕದಿಂದೀಚೆಗೆ ನಡುತಳ ಎಂದರೆ ಬಹುತೇಕ ಇವಿಎ ಎಂಬ ಫೋಮ್. ಇದನ್ನು ಲೋಹದ ಅಚ್ಚಿನೊಳಗೆ ಬಿಸಿ ಮಾಡಿ ಉಬ್ಬಿಸಲಾಗುತ್ತದೆ. ಪ್ರತಿಯೊಂದು ವಿನ್ಯಾಸದ ಪ್ರತಿಯೊಂದು ಅಳತೆಗೂ ಪ್ರತ್ಯೇಕ ಅಚ್ಚು ಬೇಕು, ಎಡಗಾಲಿಗೊಂದು, ಬಲಗಾಲಿಗೊಂದು. ಅಚ್ಚು ಕೆತ್ತಲು ವಾರಗಳೇ ಹಿಡಿಯುತ್ತವೆ, ಖರ್ಚೂ ಅಧಿಕ. ಆದ್ದರಿಂದ ಸಾವಿರಾರು ಜೋಡಿಗಳು ಮಾರಾಟವಾದರೆ ಮಾತ್ರ ಲಾಭ. ಒಬ್ಬನೇ ಓಟಗಾರನಿಗಾಗಿ ಅಚ್ಚು ಮಾಡಿಸುವುದು ಅಸಾಧ್ಯವಲ್ಲವಾದರೂ ಲಾಭದಾಯಕವಲ್ಲ.

3ಡಿ ಮುದ್ರಣದಲ್ಲಿ ಅಚ್ಚೇ ಇಲ್ಲ. ಗಣಕಯಂತ್ರದಲ್ಲಿ ರಚಿಸಿದ ವಿನ್ಯಾಸವನ್ನು ಕೂದಲೆಳೆಯಷ್ಟು ತೆಳುವಾದ ಪದರಗಳಾಗಿ ವಿಂಗಡಿಸಿ, ಯಂತ್ರವು ಒಂದೊಂದಾಗಿ ಅವುಗಳನ್ನು ನಿರ್ಮಿಸುತ್ತದೆ. ವಿನ್ಯಾಸ ಬದಲಿಸಬೇಕಾದರೆ ಕಡತವನ್ನು ತಿದ್ದಿದರೆ ಸಾಕು. ನೂರು ಜೋಡಿ ಒಂದೇ ತೆರನಾಗಿದ್ದರೂ, ನೂರು ಜೋಡಿ ನೂರು ತೆರನಾಗಿದ್ದರೂ ಯಂತ್ರಕ್ಕೆ ತಗಲುವ ಶ್ರಮದಲ್ಲಿ ಹೆಚ್ಚು ವ್ಯತ್ಯಾಸವಾಗದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಅನುಕೂಲವೂ ಇದೆ. ಅಚ್ಚಿನಲ್ಲಿ ಹೊಯ್ದ ಫೋಮಿನ ಗುಣ ಬಹುಮಟ್ಟಿಗೆ ಎಲ್ಲೆಡೆ ಒಂದೇ. ಮುದ್ರಿತ ನಡುತಳವಾದರೋ ಜೇನುಗೂಡಿನಂಥ ಜಾಲರಿ. ಹಿಮ್ಮಡಿಯ ಕೆಳಗೆ ಕಡ್ಡಿಗಳನ್ನು ತೆಳುವಾಗಿಸಿ ಮೃದುವಾಗಿಯೂ, ಪಾದದ ಕಮಾನಿನ ಬಳಿ ದಪ್ಪವಾಗಿಸಿ ಗಟ್ಟಿಯಾಗಿಯೂ ಇರಿಸಬಹುದು. ವಸ್ತು ಒಂದೇ, ವರ್ತನೆ ಹಲವು.

ಬಳಕೆಯಲ್ಲಿರುವ ವಿಧಾನಗಳು

ಶೂ ಉದ್ಯಮದಲ್ಲಿ ಮುಖ್ಯವಾಗಿ ಮೂರು ಬಗೆಯ ಮುದ್ರಣ ಬಳಕೆಯಲ್ಲಿದೆ.

ಮೊದಲನೆಯದು ಪುಡಿಯನ್ನು ಬೆಸೆಯುವ ವಿಧಾನ. ನೈಲಾನ್ ಅಥವಾ ಥರ್ಮೊಪ್ಲಾಸ್ಟಿಕ್ ಪಾಲಿಯುರೆಥೇನ್, ಅಂದರೆ ಟಿಪಿಯು ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದೆಡೆ ಮಾತ್ರ ಲೇಸರ್ ಕಿರಣದಿಂದ ಕರಗಿಸಿ ಬೆಸೆಯಲಾಗುತ್ತದೆ. ಬೆಸೆಯದೆ ಉಳಿದ ಪುಡಿಯನ್ನು ಕೊನೆಗೆ ಉದುರಿಸಿ ತೆಗೆಯುತ್ತಾರೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಎಂಬತ್ತರ ದಶಕದಲ್ಲಿ ಕಾರ್ಲ್ ಡೆಕಾರ್ಡ್ ಈ ತಂತ್ರವನ್ನು ರೂಪಿಸಿದರು.

ಎರಡನೆಯದು ತಂತಿಯನ್ನು ಕರಗಿಸಿ ಎಳೆಯುವ ವಿಧಾನ. ಪ್ಲಾಸ್ಟಿಕ್ ತಂತಿಯನ್ನು ಬಿಸಿ ಮೂತಿಯ ಮೂಲಕ ಹಾಯಿಸಿ, ಜಿಲೇಬಿ ಹಾಕುವಂತೆ ಗೆರೆ ಗೆರೆಯಾಗಿ ಇಡಲಾಗುತ್ತದೆ. ಸ್ಕಾಟ್ ಕ್ರಂಪ್ ರೂಪಿಸಿದ ಈ ತಂತ್ರದ ಮೂಲ ಪೇಟೆಂಟ್ ಅವಧಿ 2009ರಲ್ಲಿ ಮುಗಿಯಿತು. ಆ ನಂತರವೇ ಅಗ್ಗದ ಮೇಜಿನ ಮೇಲಿನ ಯಂತ್ರಗಳು ಮಾರುಕಟ್ಟೆಗೆ ಬಂದವು. ಇಂದು ಅನೇಕ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಕಾಣುವುದು ಇವೇ ಯಂತ್ರಗಳು.

ಮೂರನೆಯದು ಬೆಳಕಿನಿಂದ ದ್ರವ ರಾಳವನ್ನು ಗಟ್ಟಿಯಾಗಿಸುವ ವಿಧಾನ. ಇದರ ಮೂಲ ಎಂಬತ್ತರ ದಶಕದ ಚಾರ್ಲ್ಸ್ ಹಲ್ ಅವರ ಆವಿಷ್ಕಾರದಲ್ಲಿದೆ. ಜೋಸೆಫ್ ಡಿಸಿಮೋನ್ ಮತ್ತು ಸಂಗಡಿಗರು 2015ರ ಮಾರ್ಚ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಸುಧಾರಣೆ ಇದರ ವೇಗವನ್ನು ಬಹುವಾಗಿ ಹೆಚ್ಚಿಸಿತು. ರಾಳದ ತೊಟ್ಟಿಯ ತಳದಲ್ಲಿ ಆಮ್ಲಜನಕ ಹಾಯಬಲ್ಲ ಪಾರದರ್ಶಕ ಕಿಟಕಿ ಇರುತ್ತದೆ. ಕೆಳಗಿನಿಂದ ಅತಿನೇರಳೆ ಬೆಳಕಿನ ಚಿತ್ರವನ್ನು ಬಿಟ್ಟಾಗ ರಾಳ ಗಟ್ಟಿಯಾಗುತ್ತದೆ. ಆದರೆ ಆಮ್ಲಜನಕದ ದೆಸೆಯಿಂದ ಕಿಟಕಿಯ ಮೇಲಿನ ತೆಳು ಪದರ ಮಾತ್ರ ದ್ರವವಾಗಿಯೇ ಉಳಿಯುತ್ತದೆ. ಹೀಗಾಗಿ ವಸ್ತು ಕಿಟಕಿಗೆ ಅಂಟಿಕೊಳ್ಳದೆ, ನಡುವೆ ನಿಲ್ಲದೆ ಮೇಲೇಳುತ್ತ ಹೋಗುತ್ತದೆ. ಬಳಿಕ ಅದನ್ನು ಒಲೆಯಲ್ಲಿ ಬೇಯಿಸಿ ಪೂರ್ಣ ಬಲ ಬರಿಸಲಾಗುತ್ತದೆ. ಡಿಸಿಮೋನ್ ಸ್ಥಾಪಕರಲ್ಲಿ ಒಬ್ಬರಾದ ಕಾರ್ಬನ್ ಸಂಸ್ಥೆಯ ಈ ತಂತ್ರವೇ ಮುದ್ರಿತ ನಡುತಳವನ್ನು ಅಂಗಡಿಗೆ ತಲುಪಿಸಿತು.

ಹನ್ನೆರಡು ವರ್ಷಗಳ ಹಾದಿ

2013 ಈ ಕ್ಷೇತ್ರದ ಮೊದಲ ಮುಖ್ಯ ವರ್ಷ. ಆ ವರ್ಷದ ಫೆಬ್ರವರಿಯಲ್ಲಿ ನೈಕಿ ಸಂಸ್ಥೆ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗಾಗಿ 'ವೇಪರ್ ಲೇಸರ್ ಟ್ಯಾಲನ್' ಎಂಬ ಶೂ ಪ್ರಕಟಿಸಿತು. ಅದರ ಮೊಳೆತಟ್ಟೆಯನ್ನು ಲೇಸರ್ ವಿಧಾನದಲ್ಲಿ ಮುದ್ರಿಸಲಾಗಿತ್ತು. ಇಡೀ ಶೂವಿನ ತೂಕ 159 ಗ್ರಾಂ. ಅದೇ ವರ್ಷ ನ್ಯೂ ಬ್ಯಾಲೆನ್ಸ್ ಸಂಸ್ಥೆ ತನ್ನ ಪ್ರಾಯೋಜಿತ ಓಟಗಾರರ ಹೆಜ್ಜೆಯ ದತ್ತಾಂಶ ಸಂಗ್ರಹಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾದ ಮೊಳೆತಟ್ಟೆಗಳನ್ನು ಮುದ್ರಿಸಿಕೊಟ್ಟಿತು. ಪಾದಕ್ಕೆ ತಕ್ಕ ಶೂ ಎಂಬ ಕಲ್ಪನೆ ಕಾರ್ಯರೂಪಕ್ಕೆ ಬಂದದ್ದು ಹೀಗೆ.

2016ರಲ್ಲಿ ಪೈಪೋಟಿ ಆರಂಭವಾಯಿತು. ಅಂಡರ್ ಆರ್ಮರ್ ಮಾರ್ಚ್‌ನಲ್ಲಿ ಮುದ್ರಿತ ತಳದ 96 ಜೋಡಿ ವ್ಯಾಯಾಮದ ಶೂಗಳನ್ನು ಮಾರಾಟಕ್ಕಿಟ್ಟಿತು. ನ್ಯೂ ಬ್ಯಾಲೆನ್ಸ್ ಪೂರ್ಣ ಉದ್ದದ ಮುದ್ರಿತ ನಡುತಳವುಳ್ಳ 44 ಜೋಡಿ ಓಟದ ಶೂಗಳನ್ನು ತಲಾ 400 ಡಾಲರ್ ಬೆಲೆಗೆ ಬಿಡುಗಡೆ ಮಾಡಿತು. ವರ್ಷಾಂತ್ಯಕ್ಕೆ ಆಡಿಡಾಸ್ 333 ಡಾಲರಿನ ಶೂ ತಂದಿತು. ಸಂಖ್ಯೆಗಳೇ ಹೇಳುವಂತೆ ಇವು ಪ್ರದರ್ಶನದ ವಸ್ತುಗಳಾಗಿದ್ದವೇ ಹೊರತು ಬಳಕೆಯ ಸರಕಾಗಿರಲಿಲ್ಲ.

2017ರ ಏಪ್ರಿಲ್‌ನಲ್ಲಿ ಆಡಿಡಾಸ್ ಮತ್ತು ಕಾರ್ಬನ್ ಜೊತೆಗೂಡಿ 'ಫ್ಯೂಚರ್‌ಕ್ರಾಫ್ಟ್ 4ಡಿ' ಶೂವನ್ನು ಪ್ರಕಟಿಸಿದವು. ಮೊದಲಿಗೆ 300 ಜೋಡಿ, ಆ ವರ್ಷದ ಕೊನೆಗೆ 5,000, ಮರುವರ್ಷ 1 ಲಕ್ಷಕ್ಕೂ ಹೆಚ್ಚು ಜೋಡಿ ಎಂಬುದು ಆಗ ಘೋಷಿಸಿದ ಗುರಿಯಾಗಿತ್ತು. 2021ರ ಮೇ ತಿಂಗಳಲ್ಲಿ ಬಂದ '4ಡಿಎಫ್‌ಡಬ್ಲ್ಯೂಡಿ' ಶೂವಿನಲ್ಲಿ ಜಾಲರಿಯ ಪ್ರತಿ ಕೋಶವನ್ನೂ ಮುಂದಕ್ಕೆ ವಾಲುವಂತೆ ರಚಿಸಲಾಗಿತ್ತು. ಕೆಳಗೆ ಒತ್ತಿದ ಬಲದ ಒಂದಂಶವನ್ನು ಮುಂದಕ್ಕೆ ತಿರುಗಿಸುವುದು ಅದರ ಉದ್ದೇಶ. ಸುಮಾರು 50 ಲಕ್ಷ ಸಾಧ್ಯ ಜಾಲರಿ ರಚನೆಗಳಿಂದ ಇದನ್ನು ಆಯ್ದುಕೊಳ್ಳಲಾಯಿತು ಎಂದು ಸಂಸ್ಥೆ ಹೇಳಿಕೊಂಡಿತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿಡಾಸ್ ಪ್ರಾಯೋಜಿತ ಕ್ರೀಡಾಪಟುಗಳು ಪದಕ ವೇದಿಕೆ ಏರುವಾಗ ತೊಡಲೆಂದು ಇದೇ ಶೂವನ್ನು ಗೊತ್ತುಪಡಿಸಲಾಯಿತು. ಅದು ಸ್ಪರ್ಧೆಯ ಶೂ ಆಗಿರಲಿಲ್ಲ, ವೇದಿಕೆಯ ಶೂ ಆಗಿತ್ತು ಎಂಬುದು ಗಮನಾರ್ಹ.

ಮೇಲ್ಹೊದಿಕೆಯ ಕಥೆ ಬೇರೆ. 2017ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್ ಮ್ಯಾರಥಾನ್ ಮಳೆಯಲ್ಲಿ ನಡೆಯಿತು. ಕೆನ್ಯಾದ ಎಲಿಯುಡ್ ಕಿಪ್‌ಚೋಗೆ ಗೆದ್ದರಾದರೂ ಅವರ ಶೂವಿನ ಬಟ್ಟೆ ನೀರು ಹೀರಿ ಭಾರವಾಗಿತ್ತು. ಈ ದೂರಿಗೆ ಉತ್ತರವಾಗಿ ನೈಕಿ ಟಿಪಿಯು ತಂತಿಯನ್ನು ಕರಗಿಸಿ ಮುದ್ರಿಸಿದ 'ಫ್ಲೈಪ್ರಿಂಟ್' ಹೊದಿಕೆಯನ್ನು ತಯಾರಿಸಿತು. ಶೂವಿನ ತೂಕ 11 ಗ್ರಾಂ ಇಳಿಯಿತು. 2018ರ ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನ್‌ಗೆ ಸಿದ್ಧವಾದ ಈ ಶೂ, ಓಟಗಾರನ ದೂರಿನಿಂದ ಸ್ಪರ್ಧೆಯ ದಿನದವರೆಗಿನ ಹಾದಿಯನ್ನು ಕೆಲವೇ ತಿಂಗಳುಗಳಲ್ಲಿ ಕ್ರಮಿಸಿತು. ಕಿಪ್‌ಚೋಗೆ ಆ ಓಟವನ್ನು 2 ಗಂಟೆ 4 ನಿಮಿಷ 17 ಸೆಕೆಂಡುಗಳಲ್ಲಿ ಗೆದ್ದರು.

2025ರ ಜೂನ್ 26ರಂದು ಪ್ಯಾರಿಸ್‌ನಲ್ಲಿ ಫೇತ್ ಕಿಪ್ಯೆಗಾನ್ ಒಂದು ಮೈಲಿಯನ್ನು 4 ನಿಮಿಷದೊಳಗೆ ಓಡುವ ಪ್ರಯತ್ನ ಮಾಡಿದಾಗ ಅವರ ಶೂವಿನ ಮೊಳೆಗಳು 3ಡಿ ಮುದ್ರಿತ ಟೈಟಾನಿಯಂನವು. ಅವರು ತೆಗೆದುಕೊಂಡ ಕಾಲ 4 ನಿಮಿಷ 6.42 ಸೆಕೆಂಡು. ಗುರಿ ತಪ್ಪಿತು. ವಿಶೇಷ ಏರ್ಪಾಡುಗಳ ಓಟವಾದ್ದರಿಂದ ಅದು ಅಧಿಕೃತ ದಾಖಲೆಗೂ ಅರ್ಹವಾಗಿರಲಿಲ್ಲ.

ತೂಕದ ಲೆಕ್ಕಾಚಾರ

ಇಷ್ಟೆಲ್ಲ ಪ್ರಯತ್ನದ ನಂತರವೂ ದೂರದ ಓಟದ ದೊಡ್ಡ ದಾಖಲೆಗಳು ಬಂದದ್ದು ಫೋಮ್ ತಳದ ಶೂಗಳಲ್ಲೇ. 2023ರ ಸೆಪ್ಟೆಂಬರ್ 24ರಂದು ಬರ್ಲಿನ್‌ನಲ್ಲಿ ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡುಗಳಲ್ಲಿ ಅಂದಿನ ಮಹಿಳಾ ವಿಶ್ವದಾಖಲೆ ನಿರ್ಮಿಸಿದಾಗ ತೊಟ್ಟಿದ್ದು ಆಡಿಡಾಸ್‌ನದೇ ಫೋಮ್ ಶೂ. ಅದರ ತೂಕ ಕೇವಲ 138 ಗ್ರಾಂ. ಅದೇ ಸಂಸ್ಥೆಯ ಮುದ್ರಿತ ನಡುತಳದ ಶೂ 300 ಗ್ರಾಂ ಮೀರುತ್ತದೆ. ಎರಡು ವಾರಗಳ ನಂತರ ಶಿಕಾಗೊದಲ್ಲಿ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡುಗಳಲ್ಲಿ ಪುರುಷರ ದಾಖಲೆ ಮುರಿದದ್ದೂ ಫೋಮ್ ತಳದ ಮೇಲೆಯೇ.

ಕಾರಣ ಸರಳ ಭೌತವಿಜ್ಞಾನದಲ್ಲಿದೆ. ಫೋಮ್ ಎಂದರೆ ಬಹುಪಾಲು ಗಾಳಿ. ಅದರ ಸಾಂದ್ರತೆ ನೀರಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದಷ್ಟು. ಆದರೆ ಮುದ್ರಣಕ್ಕೆ ಬಳಸುವ ಪಾಲಿಯುರೆಥೇನ್ ನೀರಿಗಿಂತ ತುಸು ಭಾರ. ಜಾಲರಿಯಲ್ಲಿ ಎಷ್ಟೇ ಟೊಳ್ಳು ಬಿಟ್ಟರೂ ಕಡ್ಡಿಗಳು ಮುರಿಯದಿರಲು ನಿರ್ದಿಷ್ಟ ದಪ್ಪ ಬೇಕೇ ಬೇಕು. ಫೋಮಿನೊಳಗಿನ ಗುಳ್ಳೆಗಳಷ್ಟು ಸೂಕ್ಷ್ಮ ರಚನೆಯನ್ನು ಶೂ ಮುದ್ರಣದ ಯಂತ್ರಗಳು ಮೂಡಿಸಲಾರವು. ಶೂವಿಗೆ 100 ಗ್ರಾಂ ತೂಕ ಕೂಡಿದರೆ ಓಟಗಾರ ವ್ಯಯಿಸುವ ಶಕ್ತಿ ಸುಮಾರು ಶೇ 1ರಷ್ಟು ಹೆಚ್ಚುತ್ತದೆ ಎಂಬುದು ವಿಜ್ಞಾನಿಗಳು ಕಂಡುಕೊಂಡ ಲೆಕ್ಕ. ಮ್ಯಾರಥಾನ್‌ನಲ್ಲಿ ಶೇ 1 ಎಂದರೆ ಸೋಲು ಗೆಲುವಿನ ಅಂತರ.

ಶಕ್ತಿಯನ್ನು ಮರಳಿಸುವ ಗುಣದಲ್ಲೂ ಫೋಮ್ ಮುಂದಿದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ಓಟಗಾರರನ್ನು ಪರೀಕ್ಷಿಸಲಾಗಿತ್ತು. ಪೆಬಾಕ್ಸ್ ಎಂಬ ಹೊಸ ಫೋಮ್ ಮತ್ತು ಕಾರ್ಬನ್ ನಾರಿನ ತಟ್ಟೆ ಇದ್ದ ನೈಕಿ ಮಾದರಿ ಶೂ, ಒತ್ತಿದ ಶಕ್ತಿಯ ಶೇ 87ರಷ್ಟನ್ನು ಮರಳಿಸಿತು. ಹೋಲಿಕೆಗೆ ಇಟ್ಟ ಬೇರೆರಡು ಸ್ಪರ್ಧಾ ಶೂಗಳ ಪ್ರಮಾಣ ಶೇ 75.9 ಮತ್ತು ಶೇ 65.5. ಓಟದ ಶಕ್ತಿವ್ಯಯದಲ್ಲಿ ಸರಾಸರಿ ಶೇ 4 ಉಳಿತಾಯವಾಯಿತು. ಇಂಥ ಫೋಮಿನ ಮುಂದೆ ಮುದ್ರಿತ ಜಾಲರಿ ಸ್ಪರ್ಧೆಗಿಳಿಯುವುದು ಕಷ್ಟವಾಯಿತು.

ಹಾಗೆಂದು ಮುದ್ರಣ ನಿರುಪಯೋಗಿಯಾಗಲಿಲ್ಲ. ಅದರ ನಿಜವಾದ ಸ್ಥಾನ ತೆರೆಮರೆಯ ಕಾರ್ಯಾಗಾರದಲ್ಲಿದೆ. 2016ರ ರಿಯೊ ಒಲಿಂಪಿಕ್ಸ್‌ಗಾಗಿ ಆಲಿಸನ್ ಫೆಲಿಕ್ಸ್ ಅವರ ಶೂ ರೂಪಿಸುವಾಗ ನೈಕಿ ಮೊಳೆತಟ್ಟೆಯ ಮಾದರಿಗಳನ್ನು ಒಂದರ ಮೇಲೊಂದರಂತೆ ಮುದ್ರಿಸಿ ಪರೀಕ್ಷಿಸಿತು. ಅಚ್ಚು ಮಾಡಿಸಿ ವಾರಗಟ್ಟಲೆ ಕಾಯುವ ಬದಲು, ಇಂದು ಓಡಿ ನೋಡಿದ ತಟ್ಟೆಯನ್ನು ನಾಳೆ ತಿದ್ದಿ ಮುದ್ರಿಸಬಹುದು. ಅಂತಿಮವಾಗಿ ಅಂಗಡಿಗೆ ಬರುವ ಶೂ ಅಚ್ಚಿನಲ್ಲೇ ಸಿದ್ಧವಾಗಿದ್ದರೂ ಅದರ ಆಕಾರವನ್ನು ನಿರ್ಧರಿಸಿದ್ದು ಮುದ್ರಣ ಯಂತ್ರವಾಗಿರಬಹುದು.

ನಿಯಮದ ಗೋಡೆ

ಪಾದಕ್ಕೊಂದು ಶೂ ಎಂಬ ಕನಸಿಗೆ ತೂಕಕ್ಕಿಂತ ದೊಡ್ಡ ಅಡ್ಡಿ ನಿಯಮಗಳದು. ಶೂಗಳಿಂದಲೇ ದಾಖಲೆಗಳು ಬೀಳುತ್ತಿವೆ ಎಂಬ ವಿವಾದದ ನಡುವೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರ ಜನವರಿ 31ರಂದು ಕಟ್ಟುನಿಟ್ಟಿನ ನಿಯಮಗಳನ್ನು ಪ್ರಕಟಿಸಿತು. ರಸ್ತೆ ಓಟದ ಶೂವಿನ ತಳ 40 ಮಿ.ಮೀ. ಮೀರುವಂತಿಲ್ಲ. ಒಳಗೆ ಒಂದಕ್ಕಿಂತ ಹೆಚ್ಚು ಗಡಸು ತಟ್ಟೆ ಇರುವಂತಿಲ್ಲ. 2024ರ ನವೆಂಬರ್ 1ರಿಂದ ಟ್ರ್ಯಾಕ್ ಓಟಗಳಿಗೆ ತಳದ ಮಿತಿ 20 ಮಿ.ಮೀ.

ಇವುಗಳಿಗಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಒಬ್ಬನೇ ಕ್ರೀಡಾಪಟುವಿಗಾಗಿ ವಿಶೇಷವಾಗಿ ತಯಾರಿಸಿದ, ಬೇರಾರಿಗೂ ದೊರೆಯದ ಶೂವನ್ನು ಸ್ಪರ್ಧೆಯಲ್ಲಿ ತೊಡುವಂತಿಲ್ಲ. ಶೂ ಇತರ ಕ್ರೀಡಾಪಟುಗಳಿಗೂ ಲಭ್ಯವಾಗಬೇಕು. ಪ್ರಾಯೋಗಿಕ ಹಂತದ ಶೂಗಳಿಗೆ ಅನುಮೋದನೆ ಪಡೆದು 12 ತಿಂಗಳ ಮಟ್ಟಿಗೆ ಅವಕಾಶವಿದೆಯಾದರೂ ಒಲಿಂಪಿಕ್ಸ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಅವುಗಳಿಗೆ ಪ್ರವೇಶವಿಲ್ಲ. ವೈದ್ಯಕೀಯ ಕಾರಣಕ್ಕಾಗಿ ಇರುವ ಶೂವನ್ನು ಹೊಂದಿಸಿಕೊಳ್ಳಲು ಮಾತ್ರ ಅನುಮತಿಯ ಮೇರೆಗೆ ಅವಕಾಶ ನೀಡಲಾಗಿದೆ.

ನಿಯಮದ ಉದ್ದೇಶ ನ್ಯಾಯವಾದದ್ದೇ. ಹಣವುಳ್ಳ ಪ್ರಾಯೋಜಕರ ಪ್ರಯೋಗಾಲಯ ಯಾರ ಬೆನ್ನಿಗಿದೆಯೋ ಅವರೇ ಗೆಲ್ಲುವಂತಾಗಬಾರದು ಎಂಬುದು ಅದರ ಆಶಯ. ಆದರೆ ಇದರ ಪರಿಣಾಮವಾಗಿ ಮುದ್ರಣ ತಂತ್ರದ ಅತಿದೊಡ್ಡ ಶಕ್ತಿಯೇ ಉನ್ನತ ಮಟ್ಟದ ಸ್ಪರ್ಧೆಯಿಂದ ಹೊರಗುಳಿಯಿತು. 2013ರಲ್ಲಿ ನ್ಯೂ ಬ್ಯಾಲೆನ್ಸ್ ಮಾಡಿದಂತೆ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಮುದ್ರಿಸಿ ಕಣಕ್ಕಿಳಿಸುವ ದಾರಿ ಇಂದು ಮುಚ್ಚಿದೆ. ಹಾಗಾದರೆ ಪಾದಕ್ಕೆ ತಕ್ಕ ಮುದ್ರಿತ ತಳ ಬೇಕಿರುವುದು ಯಾರಿಗೆ? ಇದಕ್ಕೆ ಒಂದು ಉತ್ತರ ಬೆಂಗಳೂರಿನಿಂದ ಬಂದಿದೆ.

ಬೆಂಗಳೂರಿನ ಪ್ರಯೋಗ

ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗ ಮತ್ತು ಕರ್ನಾಟಕ ಎಂಡೋಕ್ರೈನಾಲಜಿ ಹಾಗೂ ಸಂಶೋಧನಾ ಸಂಸ್ಥೆ ಜೊತೆಗೂಡಿ ಮಧುಮೇಹಿಗಳಿಗಾಗಿ 3ಡಿ ಮುದ್ರಿತ ಪಾದರಕ್ಷೆಯೊಂದನ್ನು ರೂಪಿಸಿದವು. 2022ರ ಆರಂಭದಲ್ಲಿ ಇದರ ವಿವರ ಪ್ರಕಟವಾಯಿತು. ಪ್ರೊ. ಜಿ.ಕೆ. ಅನಂತಸುರೇಶ್ ಅವರ ತಂಡದ ಈ ಕೆಲಸ ಕ್ರೀಡೆಗಾಗಿ ಮಾಡಿದ್ದಲ್ಲ. ಆದರೆ ಅದು ಎದುರಿಸಿದ ಪ್ರಶ್ನೆ ಓಟದ ಶೂವಿನದೇ: ಪಾದದ ಯಾವ ಭಾಗದ ಮೇಲೆ ಎಷ್ಟು ಒತ್ತಡ ಬೀಳಬೇಕು?

ಆರೋಗ್ಯವಂತರು ನಡೆಯುವಾಗ ಮೊದಲು ಹಿಮ್ಮಡಿ, ನಂತರ ಪಾದ, ಕೊನೆಗೆ ಬೆರಳುಗಳು ನೆಲಕ್ಕೆ ತಾಗುತ್ತವೆ. ಮಧುಮೇಹದಿಂದ ನರಗಳು ಹಾನಿಗೊಂಡು ಪಾದದ ಸ್ಪರ್ಶಜ್ಞಾನ ಕುಂದಿದಾಗ ಈ ಕ್ರಮ ತಪ್ಪುತ್ತದೆ. ಒತ್ತಡ ಒಂದೇ ಜಾಗದಲ್ಲಿ ಬಿದ್ದು ಹುಣ್ಣಾಗುತ್ತದೆ. ನೋವೇ ತಿಳಿಯದ ಕಾರಣ ಗಾಯ ಉಲ್ಬಣಿಸಿ, ಕೆಲವೊಮ್ಮೆ ಕಾಲು ಕತ್ತರಿಸುವ ಹಂತಕ್ಕೆ ಹೋಗುತ್ತದೆ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಪರಿಹಾರ ಜಾಣ್ಮೆಯದು. ಪಾದರಕ್ಷೆಯ ತಳದಲ್ಲಿ ಬಾಗುವ ಸಣ್ಣ ಸಣ್ಣ ಕಮಾನುಗಳನ್ನು ಮುದ್ರಿಸಲಾಗಿದೆ. ನಿಗದಿತ ಮಿತಿಗಿಂತ ಹೆಚ್ಚು ಒತ್ತಡ ಬಿದ್ದೊಡನೆ ಆ ಜಾಗದ ಕಮಾನು ಥಟ್ಟನೆ ತಲೆಕೆಳಗಾಗಿ ಒತ್ತಡವನ್ನು ಬಿಟ್ಟುಕೊಡುತ್ತದೆ. ಒತ್ತಡ ತಗ್ಗಿದೊಡನೆ ತಾನಾಗಿ ಮೊದಲಿನ ಆಕಾರಕ್ಕೆ ಮರಳುತ್ತದೆ. ಬ್ಯಾಟರಿ, ಸಂವೇದಕ, ತಂತ್ರಾಂಶ ಯಾವುದೂ ಬೇಕಿಲ್ಲ. ರೋಗಿಯ ತೂಕ, ಪಾದದ ಅಳತೆ, ನಡಿಗೆಯ ವೇಗ ಹಾಗೂ ಒತ್ತಡದ ಹಂಚಿಕೆಯನ್ನು ಲೆಕ್ಕ ಹಾಕಿ ಕಮಾನಿನ ಗಡಸುತನವನ್ನು ನಿರ್ಧರಿಸಲಾಗುತ್ತದೆ. ಅಂದರೆ ಒಬ್ಬರ ಪಾದರಕ್ಷೆ ಇನ್ನೊಬ್ಬರಿಗೆ ಹೊಂದದು. ಅಚ್ಚಿನಲ್ಲಿ ಇದನ್ನು ಮಾಡುವುದು ದುಬಾರಿ, ಮುದ್ರಣದಲ್ಲಿ ಸಹಜ. ಇಲ್ಲಿ ಯಾವ ಕ್ರೀಡಾ ನಿಯಮದ ಅಡ್ಡಿಯೂ ಇಲ್ಲ, ಕೆಲವು ಗ್ರಾಂ ತೂಕದ ಚಿಂತೆಯೂ ಇಲ್ಲ.

ಭಾರತೀಯ ಪಾದದ ಅಳತೆ

ಯಂತ್ರ ಎಷ್ಟೇ ಚುರುಕಾಗಿದ್ದರೂ ಪಾದದ ಸರಿಯಾದ ಅಳತೆ ದೊರೆಯದಿದ್ದರೆ ಪ್ರಯೋಜನವಿಲ್ಲ. ನಮ್ಮಲ್ಲಿ ಶೂಗಳನ್ನು ಕೊಳ್ಳುವುದು ಬ್ರಿಟಿಷ್, ಅಮೆರಿಕನ್ ಅಥವಾ ಯುರೋಪಿಯನ್ ಅಳತೆಗಳಲ್ಲಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು 3ಡಿ ಸ್ಕ್ಯಾನರ್‌ಗಳಿಂದ ಅಳೆಯಿತು. ಭಾರತೀಯರ ಪಾದ ಯುರೋಪಿಯನ್ನರ ಅಥವಾ ಅಮೆರಿಕನ್ನರ ಪಾದಕ್ಕಿಂತ ಅಗಲ ಎಂಬುದು ಅದರಿಂದ ತಿಳಿದುಬಂತು. ಅಗಲ ಸಾಲದೆಂದು ಉದ್ದದ ಶೂ ಕೊಂಡು, ಲೇಸು ಬಿಗಿದು ನಡೆಯುವವರು ನಮ್ಮಲ್ಲಿ ಬಹಳ. ಈ ಸಮೀಕ್ಷೆಯ ಆಧಾರದ ಮೇಲೆ 'ಭಾ' ಎಂಬ ಹೆಸರಿನ ದೇಶೀಯ ಅಳತೆ ಪದ್ಧತಿಯನ್ನು ಸೂಚಿಸಲಾಗಿದೆ.

ಹೊಂದದ ಶೂವಿನ ಬೆಲೆ ಏನೆಂಬುದಕ್ಕೆ ಸ್ವಪ್ನಾ ಬರ್ಮನ್ ಅವರ ಉದಾಹರಣೆ ದೇಶಕ್ಕೆಲ್ಲ ಗೊತ್ತು. ಎರಡೂ ಪಾದಗಳಲ್ಲಿ ಆರಾರು ಬೆರಳುಗಳಿರುವ ಈ ಬಂಗಾಳದ ಯುವತಿ, ಐದು ಬೆರಳಿನವರಿಗಾಗಿ ಮಾಡಿದ ಶೂಗಳಲ್ಲೇ ನೋವು ಸಹಿಸಿ 2018ರ ಆಗಸ್ಟ್‌ನಲ್ಲಿ ಜಕಾರ್ತ ಏಷ್ಯನ್ ಕ್ರೀಡಾಕೂಟದ ಹೆಪ್ಟಾಥ್ಲಾನ್ ಚಿನ್ನ ಗೆದ್ದರು. ಅವರ ಪಾದವನ್ನು ಜರ್ಮನಿಯಲ್ಲಿ ಅಳೆದು ಆಡಿಡಾಸ್ ವಿಶೇಷ ಶೂಗಳನ್ನು ಮಾಡಿಕೊಟ್ಟದ್ದು 2019ರಲ್ಲಿ, ಅಂದರೆ ಚಿನ್ನ ಗೆದ್ದ ಮೇಲೆ. ಪದಕಕ್ಕೆ ಮೊದಲೇ ಅಂಥ ನೆರವು ಬೇಕಿರುವವರಿಗೆ ದಾರಿ ಯಾವುದು ಎಂಬುದೇ ಇಲ್ಲಿನ ಪ್ರಶ್ನೆ.

ಬಳ್ಳಾರಿಯ ಮಟ್ಟಿಗೆ

ಸಂಡೂರು ತಾಲ್ಲೂಕಿನ ತೋರಣಗಲ್ಲು ಸಮೀಪದ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯೂ ಸಮೂಹ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಸ್ಥಾಪಿಸಿತು. ಅಥ್ಲೆಟಿಕ್ಸ್, ಬಾಕ್ಸಿಂಗ್, ಕುಸ್ತಿ, ಜೂಡೊ, ಈಜುಗಳಲ್ಲಿ ಇಲ್ಲಿ ತರಬೇತಿ ನೀಡಲಾಗುತ್ತದೆ. ಕ್ರೀಡಾ ವಿಜ್ಞಾನ ವಿಭಾಗವೂ ಇದೆ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ ನೀರಜ್ ಚೋಪ್ರಾ ಚೇತರಿಕೆಯ ಅವಧಿಯಲ್ಲಿ ತರಬೇತಿ ಪಡೆದ ಸ್ಥಳಗಳಲ್ಲಿ ಇದೂ ಒಂದು. ಕ್ರೀಡಾಪಟುವಿನ ಹೆಜ್ಜೆಯನ್ನು ಅಳೆಯುವ ವಿಜ್ಞಾನ ಜಿಲ್ಲೆಗೆ ಹೊಸದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಜಿಲ್ಲೆಯ ಹೆಚ್ಚಿನ ಮಕ್ಕಳು ಓಡುವುದು ಸಿಂಥೆಟಿಕ್ ಟ್ರ್ಯಾಕಿನ ಮೇಲಲ್ಲ. ರೂಪನಗುಡಿ ಸುತ್ತಿನ ಎರೆನೆಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ. ಸಿರುಗುಪ್ಪದ ಕಡೆ ಕಾಲುವೆಯ ಏರಿ, ಗದ್ದೆಯ ಬದುಗಳೇ ಓಟದ ದಾರಿ. ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತೆರೆದ ಜಾಲರಿಯ ತಳದಲ್ಲಿ ಸಣ್ಣ ಕಲ್ಲು, ಮಣ್ಣು ಸಿಕ್ಕಿಕೊಳ್ಳುವುದು ಈ ಶೂಗಳ ತಿಳಿದ ದೋಷ. ಪ್ಲಾಸ್ಟಿಕ್ ವಸ್ತುಗಳ ಗಡಸುತನವೂ ಬಿಸಿಲಿಗೆ ಬದಲಾಗುತ್ತದೆ. ವಿದೇಶದ ಡಾಂಬರು ರಸ್ತೆಗೆ ಮಾಡಿದ ಮುದ್ರಿತ ನಡುತಳವನ್ನು ಹಾಗೆಯೇ ಇಲ್ಲಿಗೆ ತರುವುದು ಜಾಣತನವೆನಿಸದು.

ಇಲ್ಲಿ ಕೈಗೆಟಕುವ ಮೊದಲ ಹೆಜ್ಜೆ ಇಡೀ ಶೂ ಅಲ್ಲ, ಒಳತಳ. ಪಾದವನ್ನು ಸ್ಕ್ಯಾನ್ ಮಾಡಿ, ಮೇಜಿನ ಮೇಲಿನ ಯಂತ್ರದಲ್ಲಿ ಟಿಪಿಯು ತಂತಿಯಿಂದ ಮುದ್ರಿಸಿದ ಒಳತಳವನ್ನು ಸಾಮಾನ್ಯ ಶೂವಿನೊಳಗೆ ಇಡಬಹುದು. ಜಾಲರಿ ಮುಚ್ಚಿದ ಶೂವಿನೊಳಗಿರುವುದರಿಂದ ಮಣ್ಣಿನ ಕಾಟ ಕಡಿಮೆ. ಸಾಧಾರಣ ಯಂತ್ರದ ಬೆಲೆ ಇಂದು ಕೆಲವು ಹತ್ತು ಸಾವಿರ ರೂಪಾಯಿಗಳಿಗೆ ಇಳಿದಿದೆ. ಚಪ್ಪಟೆ ಪಾದ, ಹಿಮ್ಮಡಿ ನೋವು, ಎರಡು ಕಾಲುಗಳ ಉದ್ದದಲ್ಲಿನ ವ್ಯತ್ಯಾಸದಂಥ ತೊಂದರೆಗಳಿಗೆ ವೈದ್ಯರ ಸಲಹೆಯ ಮೇರೆಗೆ ವಿಶೇಷ ಒಳತಳ ಬಳಸುವುದು ಹಳೆಯ ಚಿಕಿತ್ಸೆಯೇ. ಮುದ್ರಣ ಅದನ್ನು ಹತ್ತಿರಕ್ಕೆ ತರಬಲ್ಲುದು. ಆದರೆ ಪಾದ ತಜ್ಞರ ಪರೀಕ್ಷೆ ಇಲ್ಲದೆ ಯಂತ್ರವನ್ನಷ್ಟೇ ನಂಬಿ ಮಾಡಿದ ಒಳತಳ ಇಲ್ಲದ ನೋವನ್ನು ತಂದೀತು ಎಂಬ ಎಚ್ಚರವೂ ಅಗತ್ಯ.

ಉದ್ಯೋಗದ ಆಸೆಗೆ ಸಂಬಂಧಿಸಿದ ಪಾಠವೊಂದೂ ಇದೆ. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಂಥ ನಗರಕ್ಕೆ ಇದು ಮುಖ್ಯ. ಶೂ ತಯಾರಿಕೆಯನ್ನು ಏಷ್ಯಾದಿಂದ ಗ್ರಾಹಕರ ಊರಿಗೇ ಮರಳಿಸುತ್ತೇವೆ ಎಂದು ಆಡಿಡಾಸ್ ಜರ್ಮನಿಯ ಆನ್ಸ್‌ಬಾಖ್ ಮತ್ತು ಅಮೆರಿಕದ ಅಟ್ಲಾಂಟಾದಲ್ಲಿ ಯಂತ್ರಮಾನವ ಆಧಾರಿತ 'ಸ್ಪೀಡ್‌ಫ್ಯಾಕ್ಟರಿ'ಗಳನ್ನು ತೆರೆದಿತ್ತು. 2019ರ ನವೆಂಬರ್‌ನಲ್ಲಿ ಅವುಗಳನ್ನು ಮುಚ್ಚುವ ತೀರ್ಮಾನ ಪ್ರಕಟವಾಯಿತು. ತಂತ್ರವನ್ನು ವಿಯೆಟ್ನಾಂ ಮತ್ತು ಚೀನಾದ ಸರಬರಾಜುದಾರರ ಬಳಿಗೆ ಒಯ್ಯಲಾಯಿತು. ಯಂತ್ರ ಬಂದೊಡನೆ ಉದ್ಯಮ ಬರುವುದಿಲ್ಲ. ಕಚ್ಚಾವಸ್ತು, ಕುಶಲ ಕೈಗಳು, ಮಾರುಕಟ್ಟೆ ಜೊತೆಗೂಡಬೇಕು. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಂಕಲನ ತಯಾರಿಕೆಯ ರಾಷ್ಟ್ರೀಯ ಕಾರ್ಯತಂತ್ರವು 100 ಹೊಸ ನವೋದ್ಯಮಗಳು ಹಾಗೂ 500 ಹೊಸ ಉತ್ಪನ್ನಗಳ ಗುರಿ ಇಟ್ಟುಕೊಂಡಿತ್ತು.

ಪರಿಸರದ ಪ್ರಶ್ನೆ

ಮುದ್ರಣದಲ್ಲಿ ಕತ್ತರಿಸಿ ಬಿಸಾಡುವ ತುಂಡುಗಳು ಕಡಿಮೆ, ಬೇಕಾದಷ್ಟನ್ನೇ ತಯಾರಿಸಬಹುದು ಎಂಬುದು ನಿಜ. ಇಡೀ ಶೂವನ್ನು ಒಂದೇ ಬಗೆಯ ಟಿಪಿಯುವಿನಿಂದ ಮುದ್ರಿಸಿದರೆ ಹಳೆಯದನ್ನು ಕರಗಿಸಿ ಮರುಬಳಕೆ ಮಾಡಲು ಸಾಧ್ಯ. ಆದರೆ ಬೆಳಕು ಮತ್ತು ಶಾಖದಿಂದ ಗಟ್ಟಿಯಾಗಿಸಿದ ರಾಳದ ನಡುತಳ ಬೆಂದ ಮಡಕೆಯಿದ್ದಂತೆ. ಅದನ್ನು ಮತ್ತೆ ಕರಗಿಸಲಾಗದು. ಆದ್ದರಿಂದ ಮುದ್ರಿತ ಶೂ ಎಂದರೆ ಪರಿಸರಸ್ನೇಹಿ ಶೂ ಎಂದು ಸಾರಾಸಗಟಾಗಿ ಹೇಳಲಾಗದು. ವಿಧಾನ ಮತ್ತು ವಸ್ತು ಯಾವುದು ಎಂಬುದನ್ನು ಕೇಳಬೇಕಾಗುತ್ತದೆ.

ಒಟ್ಟಾರೆ ನೋಡಿದರೆ, ಹನ್ನೆರಡು ವರ್ಷಗಳಲ್ಲಿ 3ಡಿ ಮುದ್ರಣ ಓಟದ ಶೂವಿನ ವಿನ್ಯಾಸಕರ ಕಾರ್ಯಾಗಾರವನ್ನು ಗೆದ್ದಿದೆ, ದಾಖಲೆಯ ಓಟವನ್ನು ಗೆದ್ದಿಲ್ಲ. ಒಂದು ಪಾದಕ್ಕೆ ಒಂದೇ ತಳ ಎಂಬ ಅದರ ಭರವಸೆ ವಿಶ್ವದ ಅತಿವೇಗದ ಓಟಗಾರರಿಗೆ ನಿಯಮದಿಂದಲೇ ನಿಷಿದ್ಧ. ಬೆಂಗಳೂರಿನ ಮಧುಮೇಹಿಗೆ, ಹಿಮ್ಮಡಿ ನೋವಿನ ಶಾಲಾ ಬಾಲಕಿಗೆ, ಯಾವ ಅಳತೆಗೂ ಹೊಂದದ ಪಾದವುಳ್ಳ ಗ್ರಾಮೀಣ ಕ್ರೀಡಾಪಟುವಿನ ಅಭ್ಯಾಸದ ದಿನಗಳಿಗೆ ಅದು ಮುಕ್ತವಾಗಿದೆ. ಇದಕ್ಕೆ ಬೇಕಿರುವ ಯಂತ್ರ ಎಂಜಿನಿಯರಿಂಗ್ ಕಾಲೇಜುಗಳಲ್ಲಿದೆ, ಪಾದ ಪರೀಕ್ಷಿಸಬಲ್ಲ ವೈದ್ಯರು ಆಸ್ಪತ್ರೆಗಳಲ್ಲಿದ್ದಾರೆ, ಓಡುವ ಕಾಲುಗಳು ಊರಿನ ಮೈದಾನಗಳಲ್ಲಿವೆ. ಈ ಮೂವರನ್ನು ಒಂದೆಡೆ ಸೇರಿಸುವುದು ತಂತ್ರಜ್ಞಾನದ ಕೆಲಸವಲ್ಲ, ಆಡಳಿತದ ಮತ್ತು ಕ್ರೀಡಾ ಸಂಘಟಕರ ಕೆಲಸ.